ಕಚೇರಿ ಕಾಕಾ

ಕಚೇರಿ ಕಾಕಾ ಎಂಬಾತ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲೂಕುಗಳಲ್ಲಿ ಊರಿಗೊಬ್ಬನಂತೆ ಸಿಗುತ್ತಾನೆ. ದೊಡ್ಡ ಊರಾದರೆ ಓಣಿಗೊಬ್ಬ. ವಯಸ್ಸು ಐವತ್ತೈದರ ಮೇಲೆ, ಬಿಳಿ ಅಂಗಿ, ಎದೆಯ ಜೇಬಿನಲ್ಲಿ ಎರಡು ಪೆನ್ನು. ಎರಡರಲ್ಲಿ ಒಂದು ಬರೆಯುತ್ತದೆ. ಈತನನ್ನು ದಲ್ಲಾಳಿ ಎಂದು ತಿಳಿಯಬಾರದು. ದಲ್ಲಾಳಿ ರೊಕ್ಕ ತಗೊಂಡು ಕೆಲಸ ಮಾಡಿಸುತ್ತಾನೆ. ಕಾಕಾ ರೊಕ್ಕ ಮುಟ್ಟುವುದಿಲ್ಲ, ಕೆಲಸವೂ ಆತನಿಂದ ಆಗುವುದಿಲ್ಲ. ಬಸ್ ಚಾರ್ಜು, ಎರಡು ಹೊತ್ತು ಚಾ, ಒಂದು ಪ್ಲೇಟ್ ಒಗ್ಗರಣೆ ಮಂಡಕ್ಕಿ, ಜತೆಗೆ ಬಿಸಿ ಮಿರ್ಚಿ ಸಿಕ್ಕರೆ ಆತ ತೃಪ್ತ. ಮುದುಕರ ಪಗಾರ (ಪಿಂಚಣಿಗೆ ಇಲ್ಲಿ ಹಾಗೆನ್ನುತ್ತಾರೆ), ಪಹಣಿ ತಿದ್ದುಪಡಿ, ರೇಷನ್ ಕಾರ್ಡಿಗೆ ಹೆಸರು ಸೇರಿಸುವುದು ಎಲ್ಲದರಲ್ಲೂ ಆತನ ಕೈಯಿರುತ್ತದೆ. ಆದರೆ ಆತನ ಪ್ರತಿಭೆ ಪೂರ್ತಿ ಹೊರಬೀಳುವುದು ಅಂಗವಿಕಲ ಕೂಸಿಗೆ ಪಗಾರ ಮಾಡಿಸಲು ಹೊರಟಾಗ.

ಕಾಕಾನ ಪಾಂಡಿತ್ಯಕ್ಕೆ ಮೂಲ ಒಂದೇ ಪ್ರಕರಣ. ಪಗಾರ ಮನಿಯಾರ್ಡರಿನಲ್ಲಿ ಬರುತ್ತಿದ್ದ ಕಾಲದಲ್ಲಿ ಆತ ತನ್ನ ಸೋದರತ್ತೆಯ ಅರ್ಜಿ ಮಂಜೂರು ಮಾಡಿಸಿದ್ದ. ಅಂದಿನ ಫಾರಂ, ಅಂದಿನ ಗುಮಾಸ್ತ, ಗುಮಾಸ್ತ ಕೂರುತ್ತಿದ್ದ ಖೋಲಿ ಎಲ್ಲವೂ ಆತನಿಗೆ ಬಾಯಿಪಾಠ. ಆಮೇಲೆ ಕಾನೂನು ಬದಲಾಯಿತು, ಫಾರಂ ಕಂಪ್ಯೂಟರಿನೊಳಗೆ ಹೋಯಿತು, ಗುಮಾಸ್ತ ನಿವೃತ್ತನಾದ, ಖೋಲಿ ಶೌಚಾಲಯವಾಯಿತು. ಬಾಯಿಪಾಠ ಮಾತ್ರ ಹಾಗೇ ಉಳಿದಿದೆ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು. 2016ರ ಕಾಯ್ದೆ ಅವನ್ನು 21ಕ್ಕೆ ಏರಿಸಿತು. ಕಾಕಾನ ಲೆಕ್ಕದಲ್ಲಿ ಇರುವುದು ನಾಲ್ಕು: ಕಣ್ಣು, ಕಿವಿ, ಕಾಲು, ತಲೆ. ಮಸ್ಕ್ಯುಲರ್ ಡಿಸ್ಟ್ರೊಫಿ ಎಂದು ಡಾಕ್ಟರು ಬರೆದುಕೊಟ್ಟರೆ "ಇದನ್ನ ಕಾಲಿನಾಗ ಹಾಕಿಸವ್ವ" ಅನ್ನುತ್ತಾನೆ. ಹದಿನೆಂಟು ತುಂಬದೆ ಪಗಾರ ಬರುವುದಿಲ್ಲ ಎಂಬುದು ಆತನ ಇನ್ನೊಂದು ಗಟ್ಟಿ ನಂಬಿಕೆ. ನಿಜಕ್ಕೂ ಅಂಗವಿಕಲರ ಪಗಾರಕ್ಕೆ ವಯಸ್ಸಿನ ಮಿತಿಯೇ ಇಲ್ಲ. ಕಾಕಾನ ಈ ಒಂದು ಮಾತು ನಂಬಿ ಕೂಸಿನ ಅರ್ಜಿಯನ್ನು ವರ್ಷಗಟ್ಟಲೆ ಮುಂದೂಡಿದ ಮನೆಗಳಿವೆ. ಕಾಕಾನ ವಿಷಯದಲ್ಲಿ ನಗಲಾರದ ಸಂಗತಿ ಇದೊಂದೇ.

ಆತನ ಭೂಗೋಳ ಜ್ಞಾನವನ್ನು ಪ್ರತ್ಯೇಕವಾಗಿ ನೋಡಬೇಕು. ಹರಪನಹಳ್ಳಿ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಅಲ್ಲಿನ ಕಾಕಾ ಕುಂತ ಕಟ್ಟೆ ಬಿಟ್ಟೇಳದೆ ಮೂರು ಜಿಲ್ಲೆ ಕಂಡವನು. ಈಗಿನ ಜಿಲ್ಲಾ ಕೇಂದ್ರವಾದ ಹೊಸಪೇಟೆಗೆ ಹೋಗಬೇಕಾದ ಕೂಸನ್ನು ಆತ ದಾವಣಗೆರೆಗೆ ಕರೆದೊಯ್ಯುವುದಕ್ಕೆ ಹಳೆಯ ಅಭ್ಯಾಸವೂ ಕಾರಣ, ದಾವಣಗೆರೆ ಹತ್ತಿರವಿರುವುದೂ ಕಾರಣ. ಕೊಟ್ಟೂರಿನ ಕಾಕಾನದು ಇನ್ನೊಂದು ತೆರ. ಕೊಟ್ಟೂರು ಈಗ ತಾನೇ ಒಂದು ತಾಲೂಕು, ತಹಶೀಲ್ದಾರರೂ ಅಲ್ಲೇ ಇದ್ದಾರೆ. ಆದರೂ ತಾಲೂಕು ಆಫೀಸು ಅಂದಕೂಡಲೇ ಆತನ ಕಾಲು ಕೂಡ್ಲಿಗಿ ಬಸ್ಸಿನ ಕಡೆಗೇ ತಿರುಗುತ್ತದೆ. ಮೊದಲ ದಿನ ತಪ್ಪು ಊರಿಗೆ ಹೋಗಿ ಬರುವುದು ಅರ್ಜಿಯ ವಿಧಿವತ್ತಾದ ಆರಂಭವೆಂದೇ ಈ ಸೀಮೆಯ ತಾಯಂದಿರು ಒಪ್ಪಿಕೊಂಡಂತಿದೆ.

ಬಸ್ಸಿನ ಲೆಕ್ಕ ಹೀಗೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಕೂಸಿಗೆ ಅಂಗವಿಕಲರ ರಿಯಾಯಿತಿ ಪಾಸು ಇದೆ; ವರ್ಷಕ್ಕೆ 660 ರೂಪಾಯಿ ಕಟ್ಟಿದರೆ ಊರಿನಿಂದ ನೂರು ಕಿಲೋಮೀಟರಿನ ತನಕ ನಡೆಯುತ್ತದೆ. ಹಾಗಾಗಿ ಮೂವರಲ್ಲಿ ಟಿಕೆಟ್ ಬೇಕಾದವನು ಕಾಕಾ ಒಬ್ಬನೇ. ಅದರ ದುಡ್ಡು ತಾಯಿ ಕೊಡುತ್ತಾಳೆ. ಪಾಸಿನವರ ಜೋಡಿ ಬಂದವರಿಗೂ ಮಾಫಿ ಇದೆಯೆಂದು ಕಾಕಾ ಕಂಡಕ್ಟರನ ಜತೆ ಒಂದು ಸ್ಟಾಪಿನಷ್ಟು ದೂರ ವಾದಿಸುತ್ತಾನೆ, ಸೋಲುತ್ತಾನೆ, ಮುಂದಿನ ಸಲ ಮತ್ತೆ ವಾದಿಸುತ್ತಾನೆ.

ಅಂಗವೈಕಲ್ಯದ ಸರ್ಟಿಫಿಕೇಟಿಗೆ ಹೋದ ಆಸ್ಪತ್ರೆಯಲ್ಲಿ ಆತನಿಗೆ ತಿಳಿದಿರುವ ವಿದ್ಯೆ ಪರ್ಸೆಂಟೇಜಿನದು. ಪಗಾರಕ್ಕೆ ಕನಿಷ್ಠ ಶೇ. 40 ಅಂಗವೈಕಲ್ಯ ಬೇಕು. 2021ರ ಜುಲೈನಲ್ಲಿ ಮುಖ್ಯಮಂತ್ರಿಯಾದ ದಿನವೇ ಬಸವರಾಜ ಬೊಮ್ಮಾಯಿ ಅವರು ತಿಂಗಳ ಪಗಾರವನ್ನು 600 ರೂಪಾಯಿಯಿಂದ 800ಕ್ಕೆ ಏರಿಸಿದ್ದು ಶೇ. 75ರ ಒಳಗಿನ ಈ ಕೆಳಗಿನ ಮೆಟ್ಟಿಲಿನವರಿಗೆ. ಶೇ. 75 ದಾಟಿದವರಿಗೆ 1,400. ನಡುವಿನ ಆ ಒಂದು ಗೀಟಿನ ಬೆಲೆ ತಿಂಗಳಿಗೆ 600 ರೂಪಾಯಿ ಎಂಬುದನ್ನು ಕಾಕಾ ಕಾಗದವಿಲ್ಲದೆ ಹೇಳಬಲ್ಲ. ಶೇ. 70 ಬಂದ ಕೂಸಿನ ತಾಯಿಗೆ ಆತ "ಐದರಾಗ ಹೋತಲ್ಲವ್ವ" ಎಂದು ಎಸೆಸೆಲ್ಸಿ ಫಲಿತಾಂಶಕ್ಕೆ ಮರುಗುವ ದನಿಯಲ್ಲಿ ಮರುಗುತ್ತಾನೆ. ಡಾಕ್ಟರ ಮುಂದೆ ಕೂಸು ನಕ್ಕರೆ ಆತನಿಗೆ ಸಿಟ್ಟು. "ಇವತ್ತೊಂದಿನ ಸುಮ್ನಿರಬಾರದಾ" ಎಂದು ಗದರುತ್ತಾನೆ. ಬಸ್ಸು, ಜನ, ಬಿಳಿ ಕೋಟು ಎಲ್ಲ ಒಂದೇ ದಿನ ನೋಡಲು ಸಿಕ್ಕ ಕೂಸು ಸುಮ್ಮನಿರುವುದಾದರೂ ಹೇಗೆ?

ನಾಡಕಚೇರಿಯಲ್ಲಿ ಆದಾಯ ಪ್ರಮಾಣ ಪತ್ರ. ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ಮೀರಬಾರದು. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಸರಕಾರ ಆಗ ಖಾತ್ರಿ ಕೊಟ್ಟಿದ್ದ ನೂರು ದಿನವನ್ನೂ ಒಂದು ಮನೆ ಪ್ರಾಮಾಣಿಕವಾಗಿ ದುಡಿದರೆ 37,000 ಆಗುತ್ತಿತ್ತು. ಸರಕಾರದ ಕೆಲಸ ಪೂರ್ತಿ ಮಾಡಿದ ಬಡವ ಸರಕಾರದ ಲೆಕ್ಕದಲ್ಲಿ ಬಡವನಾಗಿ ಉಳಿಯುವುದಿಲ್ಲ. ಈ ತೊಡಕು ಕಾಕಾನಿಗೆ ಅರ್ಥವಾಗಿದೆಯೋ ಇಲ್ಲವೋ, ಪರಿಹಾರವಂತೂ ಆತನ ನಾಲಿಗೆಯ ತುದಿಯಲ್ಲಿದೆ: "ಕೇಳಿದ್ರ ಹನ್ನೊಂದು ಸಾವಿರ ಅನ್ನವ್ವ." ಒಂದೇ ಕಾಕಾನ ಕಟ್ಟೆಗೆ ಬಂದು ಹೋಗುವ ಮನೆಗಳೆಲ್ಲ ವರ್ಷಕ್ಕೆ ಸರಿಯಾಗಿ ಹನ್ನೊಂದು ಸಾವಿರ ದುಡಿಯುವ ಸೋಜಿಗಕ್ಕೆ ಇದೇ ಕಾರಣ.

ಹೆಸರಿನ ಗೊಂದಲಕ್ಕೆ ಮಾತ್ರ ಕಾಕಾನನ್ನು ದೂರುವಂತಿಲ್ಲ. ಕೊಟ್ಟೂರು ಬಸವೇಶ್ವರನಿಗೆ ನಡೆದುಕೊಳ್ಳುವ ಸೀಮೆಯಿದು. ಗಂಡುಕೂಸು ಹುಟ್ಟಿದರೆ ಕೊಟ್ರೇಶ. ಆಧಾರಿನಲ್ಲಿ ಕೊಟ್ರೇಶ, ರೇಷನ್ ಕಾರ್ಡಿನಲ್ಲಿ ಕೊಟ್ರೇಶಿ, ಪಾಸ್‌ಬುಕ್ಕಿನಲ್ಲಿ ಕೊಟ್ರಪ್ಪ, ಆಸ್ಪತ್ರೆ ಚೀಟಿಯಲ್ಲಿ ಬೇಬಿ ಆಫ್ ಕೊಟ್ರಮ್ಮ. ಮನೆಯಲ್ಲಿ ಅಪ್ಪಿ ಎಂದು ಕರೆದರೆ ಮಾತ್ರ ಕೂಸು ತಿರುಗಿ ನೋಡುತ್ತದೆ. ಈ ಐವರೂ ಒಬ್ಬನೇ ಎಂದು ಊರಿಗೆ ಊರೇ ಸಾಕ್ಷಿ ಹೇಳೀತು, ಕಂಪ್ಯೂಟರು ಒಪ್ಪುವುದಿಲ್ಲ. ಐದು ವರ್ಷಕ್ಕೂ ಹದಿನೈದಕ್ಕೂ ಆಧಾರಿನ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕು. ಕೈ ಬಿಗಿಹಿಡಿದುಕೊಂಡೇ ಇರುವ ಸೆರೆಬ್ರಲ್ ಪಾಲ್ಸಿಯ ಕೂಸಿನ ಬೆರಳು ಬಿಡಿಸಿ ಯಂತ್ರದ ಮೇಲಿಡುವ ಕೆಲಸ ತಾಯಿಯದು. "ಮೆತ್ತಗ, ಮೆತ್ತಗ" ಅನ್ನುವುದು ಕಾಕಾನದು.

ಕಾಗದವೆಲ್ಲ ಸರಿಯಾದ ಮೇಲೆ ಬ್ಯಾಂಕು. ಅಲ್ಲಿ ಎನ್‌ಪಿಸಿಐ ಎಂಬ ಶಬ್ದ ಕಾಕಾನಿಗೆ ಎದುರಾಗುತ್ತದೆ. ಆಧಾರ್ ಸಂಖ್ಯೆ ಯಾವ ಖಾತೆಗೆ ಜೋಡಣೆಯಾಗಿದೆಯೋ ಆ ಖಾತೆಗೇ ಪಗಾರ ಬೀಳುತ್ತದೆ. ಜೋಡಣೆ ಆಗಿರದಿದ್ದರೆ ಎಲ್ಲಿಯೂ ಬೀಳುವುದಿಲ್ಲ. ವಿಷಯ ಇಷ್ಟೇ. ಆದರೆ ಕೌಂಟರಿನಿಂದ ಬರುವ ಉತ್ತರ "ಬರ್ತತಿ, ಹೋಗ್ರಿ" ಎಂಬ ಎರಡು ಶಬ್ದ. ಹಡಗಲಿ ತಾಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ನುಡಿದ ಒಂದು ಸಾಲಿನ ಕಾರಣಿಕವನ್ನು ಹಿಡಿದು ಮಳೆ, ಬೆಳೆ, ರಾಜಕೀಯ ಎಲ್ಲವನ್ನೂ ಜನ ವರ್ಷವಿಡೀ ಅರ್ಥೈಸುವಂತೆ ಕಾಕಾ ಈ ಎರಡು ಶಬ್ದವನ್ನು ಬಸ್ ಸ್ಟ್ಯಾಂಡಿನ ತನಕ ಬಿಡಿಸಿ ಹೇಳುತ್ತಾನೆ. 'ಬರ್ತತಿ' ಅಂದರೆ ಮಂಜೂರಾಗಿದೆ. 'ಹೋಗ್ರಿ' ಅಂದರೆ ಇನ್ನು ಬರಬೇಡಿ, ರೊಕ್ಕವೇ ಮನೆಗೆ ಬರುತ್ತದೆ. 155245ಕ್ಕೆ ಫೋನು ಮಾಡಿದರೆ 72 ಗಂಟೆಯಲ್ಲಿ ಪಗಾರ ಮಂಜೂರು ಎಂಬ 'ಹಲೋ ಕಂದಾಯ ಸಚಿವರೇ' ವ್ಯವಸ್ಥೆ 2022ರಲ್ಲಿ ಬಂದಾಗ ಕಾಕಾನಿಗೆ ಅದು ರುಚಿಸಲಿಲ್ಲ. ಮೂರು ದಿನದಲ್ಲಿ ಆಗಿಹೋಗುವ ಕೆಲಸದಲ್ಲಿ ಮಂಡಕ್ಕಿ ತಿನ್ನಲು ಸಮಯವೆಲ್ಲಿ?

ನಿಜವಾಗಿ ಕೆಲಸ ಮಾಡುವವರು ಬೇರೆ. ಪ್ರತಿ ಗ್ರಾಮ ಪಂಚಾಯಿತಿಗೂ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ ಇರಬೇಕೆಂಬುದು ಕರ್ನಾಟಕದ ಪದ್ಧತಿ. ಅಂಗವಿಕಲರನ್ನೇ ಗೌರವಧನದ ಮೇಲೆ ಈ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಕಾಕಾ ತಾಯಿಯನ್ನು ದಾವಣಗೆರೆಗೆ ಕರೆದೊಯ್ದ ವಾರದಲ್ಲೇ ಪಂಚಾಯಿತಿಯ ಈ ಕಾರ್ಯಕರ್ತ ಹುಡುಗ ಮೂರು ಗಾಲಿಯ ಸ್ಕೂಟರಿನಲ್ಲಿ ಮನೆ ಬಾಗಿಲಿಗೆ ಬಂದು, ಮೊಬೈಲಿನಲ್ಲೇ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಚೀಟಿಯ ಅರ್ಜಿ ತುಂಬಿ, ಕೂಸಿನ ಫೋಟೊ ತೆಗೆದುಕೊಂಡು ಹೋಗಿರುತ್ತಾನೆ. ತಾಯಿ ಇದನ್ನು ಕಾಕಾನಿಗೆ ಹೇಳುವುದಿಲ್ಲ. ಹೇಳಿದರೂ "ಅವನು ನಮ್ಮ ಹುಡುಗ, ಅವನಿಗೇನು ತಿಳಿತತಿ" ಎಂಬ ಉತ್ತರ ಆಕೆಗೆ ಗೊತ್ತು.

ಹಾಗಾದರೆ ಆಕೆ ಕಾಕಾನನ್ನು ಯಾಕೆ ಕಟ್ಟಿಕೊಂಡು ತಿರುಗುತ್ತಾಳೆ? ಎಂಟೊಂಬತ್ತು ವರ್ಷದ, ನಿಲ್ಲಲಾಗದ ಕೂಸನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತು, ಕವರಿನಿಂದ ಕಾಗದ ತೆಗೆದು, ಸಹಿ ಹಾಕಲು ಒಬ್ಬಳಿಗೆ ಎರಡೇ ಕೈ. ಗಂಡ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೋ ಮಲೆನಾಡಿನ ಕಾಫಿ ತೋಟಕ್ಕೋ ಹೋಗಿರುತ್ತಾನೆ. ಕಾಕಾ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ತಾಸುಗಟ್ಟಲೆ ನಿಲ್ಲಬಲ್ಲ. ಅದರ ಜೊಲ್ಲಿಗೆ ಬಿಳಿ ಅಂಗಿ ಒದ್ದೆಯಾದರೆ ಬೇಸರಿಸುವವನಲ್ಲ. ಒಂಟಿ ಹೆಂಗಸಿಗೆ "ನಾಳೆ ಬಾ" ಎನ್ನುವ ಗುಮಾಸ್ತ, ಹಿಂದೆ ಆ ಅಂಗಿ ಒಮ್ಮೆ ಕೆಮ್ಮಿದರೆ ತಲೆ ಎತ್ತಿ ನೋಡುತ್ತಾನೆ. ನಿಯಮ ತಿಳಿಯದ ಕಾಕಾನನ್ನು ನಿಯಮ ತಿಳಿದ ತಾಯಿ ಸಾಕಿಕೊಂಡಿರುವುದು ಇದಕ್ಕೇ.

ಪಗಾರ ಒಂದು ದಿನ ಬೀಳುತ್ತದೆ. ಆ ಸಂಜೆ ಕಟ್ಟೆಯ ಮೇಲೆ ಕಾಕಾನ ಪ್ರಕರಣಗಳ ಸಂಖ್ಯೆ ಒಂದರಿಂದ ಎರಡಾಗುತ್ತದೆ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ ಮುಂತಾದವು ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ ಸಾವಿರ ರೂಪಾಯಿ ಕೊಡುವುದಾಗಿ 2024-25ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದಾಗ ಕಾಕಾ ಪೇಪರು ಓದಿಸಿಕೊಂಡು, ಅದಕ್ಕೂ ದಾವಣಗೆರೆಯಲ್ಲೇ ಅರ್ಜಿ ಎಂದು ನಿರ್ಧರಿಸಿದ. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವವರಿಗೆ ಲಕ್ಷ ರೂಪಾಯಿ ತನಕದ ನಿರಾಮಯ ಆರೋಗ್ಯ ವಿಮೆಯ ಸುದ್ದಿ ಆತನನ್ನು ಇನ್ನೂ ಮುಟ್ಟಿಲ್ಲ. ಅಂಥ ಮಕ್ಕಳಿಗೆ ಹದಿನೆಂಟು ತುಂಬಿದ ಮೇಲೆ ತಂದೆತಾಯಿ ಕಾನೂನಿನ ಪಾಲಕರಾಗಲು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ ಜಿಲ್ಲಾ ಸಮಿತಿಗೆ ಅರ್ಜಿ ಹಾಕಬೇಕೆಂಬುದು ಮಾತ್ರ ಹೇಗೋ ಕಿವಿಗೆ ಬಿದ್ದಿದೆ. ಅದಕ್ಕೆ ಬೇಕಾಗುವ ನಾಲ್ಕು ಫೋಟೊ ಈಗಲೇ ತೆಗೆಸಿಡು ಎಂದು ತಾಯಿಗೆ ತಾಕೀತು ಮಾಡಿದ್ದಾನೆ. ಕೂಸಿಗೆ ಈಗ ಒಂಬತ್ತು.