ಮದನನ ಕಡೆಯವರು

ತ್ರಾಸಿಯ ಸುತ್ತಮುತ್ತ ಬಯಲಾಟ ಎಲ್ಲೇ ಇರಲಿ, ಇಂಥವರೊಬ್ಬರು ಇದ್ದೇ ಇರುತ್ತಾರೆ. ಮಾರಣಕಟ್ಟೆ ಮೇಳವಾಗಲಿ, ಮಂದಾರ್ತಿ ಮೇಳವಾಗಲಿ, ಪ್ರಸಂಗ ‘ಚಂದ್ರಹಾಸ’ ಎಂದು ಗೊತ್ತಾದರೆ ಚಂಡೆ ಕೇಳುವ ಮೊದಲೇ ಮಂಕಿ ಟೋಪಿ ಹಾಕಿ ಹಾಜರು. ಉಳಿದವರು ದುಷ್ಟಬುದ್ಧಿಯ ಮಾತಿಗೋ ವಿಷಯೆಯ ಶೃಂಗಾರಕ್ಕೋ ಬಂದವರು. ಇವರು ಬಂದದ್ದು ಮದನನಿಗಾಗಿ.

ಯಾವ ಮದನ ಎಂದಿರೋ, ಸಿಕ್ಕಿಬಿದ್ದಿರಿ. “ಹ್ವಾಯ್, ಮದನ ಇಲ್ದಿರೆ ಆ ಮದಿ ಆತಿತ್ತಾ?” ಎಂದು ಶುರು. ಚಂದ್ರಹಾಸ ಮಾಡಿದ್ದೇನು? ಉದ್ಯಾನದಲ್ಲಿ ನಿದ್ದೆ. ಅವನು ತಂದಿದ್ದ, ದುಷ್ಟಬುದ್ಧಿ ಮಗ ಮದನನಿಗೆ ಬರೆದ ಓಲೆಯನ್ನು ಮಗಳು ವಿಷಯೆ ಕಾಡಿಗೆಯಲ್ಲಿ ತಿದ್ದಿದಳು. ವಿಷ ಕೊಡು ಎಂದಿದ್ದದ್ದು ವಿಷಯೆಯನ್ನೇ ಕೊಡು ಎಂದಾಯಿತು. ಪ್ರೇಮಿಗಳ ಕೆಲಸ ಅಲ್ಲಿಗೆ ಮುಗಿಯಿತು. ಪುರೋಹಿತರು, ಚಪ್ಪರ, ಅಡುಗೆ, ದಕ್ಷಿಣೆ ಎಲ್ಲ ಅಣ್ಣ ಮದನನ ತಲೆಗೆ. ಅಪ್ಪನನ್ನೊಂದು ಮಾತು ಕೇಳೋಣ ಎನ್ನಲಿಲ್ಲ ಪುಣ್ಯಾತ್ಮ. ಸಾಲದ್ದಕ್ಕೆ ಭಾವನನ್ನು ಅರಮನೆಗೆ ಕಳಿಸಿ, ಪೂಜೆಯ ತಟ್ಟೆ ತಾನು ಹಿಡಿದು ಚಂಡಿಕೆಯ ಗುಡಿಗೆ ಹೋಗಿ, ಭಾವನಿಗೆಂದು ಕಾದಿದ್ದ ಕತ್ತಿಗೆ ಕೊರಳು ಕೊಟ್ಟ. ಚಂದ್ರಹಾಸ ದೇವಿಯನ್ನು ಬೇಡಿ ಬದುಕಿಸಿದ್ದು ನಿಜ. ಇವರು ಅದನ್ನು ಉಪಕಾರದ ಲೆಕ್ಕಕ್ಕೆ ಹಿಡಿಯುವುದಿಲ್ಲ: “ಅದ್ ಸಾಲ ತೀರ್ಸದ್, ಅಷ್ಟೆ.”

ಮದನನ ಪ್ರವೇಶಕ್ಕೆ ಚಪ್ಪಾಳೆ ಇವರೊಬ್ಬರದೇ. ವೇಷ ಮಾಡಿದ ಹುಡುಗ, ಏನಾದರೂ ತಪ್ಪಾಯಿತೇ ಎಂದು ಭಾಗವತರ ಮುಖ ನೋಡುತ್ತಾನೆ.

ಈಚೆಗೆ ಮೊಮ್ಮಗಳ ಮೊಬೈಲಿನಲ್ಲಿ ‘ತೊರಡೋರಾ’ ನೋಡಿದ್ದಾರೆ. 2008ರಲ್ಲಿ ಶುರುವಾದ ಜಪಾನಿ ಅನಿಮೆ, ಇಪ್ಪತ್ತೈದು ಕಂತು. ಅಲ್ಲಿಯೂ ಎಡವಟ್ಟಿನ ಓಲೆಯೇ! ಟೈಗಾ ಎಂಬ ಹುಡುಗಿ ಕಿತಾಮುರಾನಿಗೆ ಮುಟ್ಟಬೇಕಾದ ಪ್ರೇಮಪತ್ರವನ್ನು ರ್‍ಯೂಜಿಯ ಚೀಲಕ್ಕೆ ಹಾಕಿದಳು. ಲಕೋಟೆಯೊಳಗೆ ಕಾಗದವೇ ಇಲ್ಲ. ಕೊನೆಗೆ ಪ್ರೀತಿ ಕುದುರಿದ್ದು ರ್‍ಯೂಜಿಯ ಜೊತೆ. ಮೊಮ್ಮಗಳು ಕಣ್ಣೊರೆಸಿಕೊಳ್ಳುತ್ತಿದ್ದರೆ ಇವರದು ಒಂದೇ ತಕರಾರು: “ಆ ಕನ್ನಡಕದ ಮಾಣಿ ಕಥಿ ಎಂತ ಆಯ್ತ್?” ಆ ಕಿತಾಮುರಾ ಮೆಚ್ಚಿದ ವಿದ್ಯಾರ್ಥಿ ಸಂಘದ ಅಧ್ಯಕ್ಷೆ ವಿದೇಶಕ್ಕೆ ಹೋದ ರಾತ್ರಿ ಇವರಿಗೆ ಗಂಜಿ ಸೇರಲಿಲ್ಲ.

ಮದುವೆಮನೆಯಲ್ಲೂ ಇವರು ಮಂಟಪ ಹತ್ತುವುದಿಲ್ಲ. ನೇರ ಅಡುಗೆಯ ಹಿಂದೆ ಹೋಗಿ, ಬೆವರು ಸುರಿಸುತ್ತಿರುವ ಹುಡುಗಿಯ ಅಣ್ಣನನ್ನು ಹುಡುಕಿ ಕೈ ಕುಲುಕುತ್ತಾರೆ. ಆದ್ದರಿಂದ ಈ ಕಡೆ ಮದುವೆ ಕಾಗದ ಹಂಚುವವರು ಅಣ್ಣನ ಹೆಸರನ್ನೂ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ. ಇಲ್ಲದಿದ್ದರೆ ಇವರು ಊಟಕ್ಕೆ ಕೂರುವುದಿಲ್ಲ.