ಸಮಾನ ಅನ್ನೋ ಚೀಟಿ

(ನವರಂಗಪುರ. ಗುಜರಾತ್ ವಿಶ್ವವಿದ್ಯಾಲಯದ ಹತ್ತಿರದ ಚಹಾದಂಗಡಿ. ಹುಬ್ಬಳ್ಳಿ ಮಾಮಾ, ಲಂಡನ್ನಿಂದ ಬಂದ ಅಳಿಯ.)

ಮಾಮಾ: ಎಂ.ಎಸ್ಸಿ. ಮುಗಿಸಿ ಬಂದೀಯಲ್ಲಪಾ, ಇನ್ನೇನು ಅಡ್ಡಿ?

ಅಳಿಯ: ನನ್ನ ಡಿಗ್ರಿ ಇಲ್ಲಿನ ಡಿಗ್ರಿಗೆ ಸಮಾನ ಅಂತ ಚೀಟಿ ಬೇಕಂತ.

ಮಾಮಾ: ಕೊಡೋರ್ಯಾರು?

ಅಳಿಯ: ಮೊದಲು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಕೊಡ್ತಿತ್ತು. 2025ರ ಏಪ್ರಿಲ್‌ನಾಗ ಯುಜಿಸಿ ಈ ಚೀಟಿಗೆ ತನ್ನದೇ ನಿಯಮ ತಂತು.

ಮಾಮಾ: ಡಾಕ್ಟರಿಗೂ ಇದೇ ಏನು?

ಅಳಿಯ: ಅವರದು ಬ್ಯಾರೆ. ವಿದೇಶದಾಗ ಓದಿ ಬಂದ ಡಾಕ್ಟರು ಇಲ್ಲಿ ಪರೀಕ್ಷೆ ಬರೀಬೇಕು; 300ಕ್ಕ 150 ಅಂಕ ತಗೊಂಡ್ರಷ್ಟ ಪಾಸು.

ಮಾಮಾ: ಈ ಚಹಾದವ ಶುಂಠಿ ಜಜ್ಜೋ ಕೈಚಳಕ ನೋಡು. ಇವನ ಅನುಭವಕ್ಕ ಚೀಟಿ ಇಲ್ಲೇನು?

ಅಳಿಯ: ಕಲಿತ ಕೆಲಸ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡೋ ಆರ್‌ಪಿಎಲ್ ಐತಲ್ಲ.

ಮಾಮಾ: ಅವನ ಚಹಾ ಕುಡಿಯೋಕ ಯಾರೂ ಚೀಟಿ ಕೇಳಿಲ್ಲ ಬಿಡು. ವಿದೇಶಕ್ಕ ಹೊಂಟೋರಿಗೆ ಹೇಳು: ವೀಸಾಕ್ಕಿಂತ ಮೊದಲು ಡಿಗ್ರಿಗೆ ಇಲ್ಲಿ ಮಾನ್ಯತೆ ಐತೇನು ಕೇಳ್ರಿ!