ಮತ್ಸ್ಯೋಪನೇತ್ರ ಮೀಮಾಂಸೆ

ಅಥಾತಃ ಕನ್ನಡಕಜಿಜ್ಞಾಸಾ. ಗಾಳ ಹಾಕುವವನು ಎಂಥ ಕಪ್ಪು ಕನ್ನಡಕ ಧರಿಸಬೇಕು ಎಂಬ ಬಗ್ಗೆ ಪೂರ್ವಾಚಾರ್ಯರು ಒಂದು ಸೂತ್ರವನ್ನೂ ಬರೆದಿಡದೆ ಹೋದದ್ದು ನಮ್ಮ ಶಾಸ್ತ್ರಸಾಹಿತ್ಯದ ದೊಡ್ಡ ಲೋಪ. ಆ ಲೋಪ ತುಂಬುವ ಹೊಣೆ, ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯಲ್ಲಿ ಮಾತ್ರೆ ಪಟ್ಟಿಗಳ ಮೇಲೆ ಬ್ಯಾಚ್ ನಂಬರು ನೆಟ್ಟಗೆ ಬಿದ್ದಿದೆಯೋ ಇಲ್ಲವೋ ನೋಡುವ ಬೀದರ ಕಡೆಯವನೊಬ್ಬನ ಹೆಗಲಿಗೆ ಬೀಳುತ್ತದೆಂದು ಅವರು ಎಣಿಸಿರಲಿಕ್ಕಿಲ್ಲ. ಬಿದ್ದಿದೆ. ಹೊರುತ್ತೇನೆ.

ಶಾಸ್ತ್ರವೆಂದ ಮೇಲೆ ಅನುಬಂಧಚತುಷ್ಟಯ ಬೇಕು. ವಿಷಯ: ಕನ್ನಡಕ. ಪ್ರಯೋಜನ: ಮೀನು. ಸಂಬಂಧ: ಇವೆರಡಕ್ಕೂ ಏನೋ ಇದೆಯೆಂದು ಮಾರುವವನು ಹೇಳಿದ್ದು. ಅಧಿಕಾರಿ: ಭಾನುವಾರ ಪಾಳಿಯಿಲ್ಲದವನು, ಬಿಸಿಲಿಗೆ ಹೆದರದವನು, ಬರಿಗೈಯಲ್ಲಿ ಮನೆಗೆ ಬಂದು ಊಟ ಕೇಳುವ ಧೈರ್ಯವುಳ್ಳವನು. ಈ ಮೂರನೆಯ ಲಕ್ಷಣವೇ ಮುಖ್ಯ; ಮೊದಲೆರಡು ಇಲ್ಲದಿದ್ದರೂ ನಡೆದೀತು.

ಇನ್ನು ದೇಶನಿರ್ಣಯ. ತೆಲುಗಿನಲ್ಲಿ ಜೀಡಿ ಎಂದರೆ ಗೇರು, ಮೆಟ್ಲು ಎಂದರೆ ಮೆಟ್ಟಿಲು. ಆದ್ದರಿಂದ ಜೀಡಿಮೆಟ್ಲಾ ಎಂದರೆ ಗೇರುಮೆಟ್ಟಿಲು ಎಂದು ನಾನು ನಿಷ್ಪತ್ತಿ ಹೇಳಿದೆ. ಪಕ್ಕದ ಮೆಷಿನ್ನಿನವನು, ತಾನು ಹುಟ್ಟಿದ್ದೇ ಇಲ್ಲಿ, ಗೇರುಮರವನ್ನೂ ಕಂಡಿಲ್ಲ ಮೆಟ್ಟಿಲನ್ನೂ ಕಂಡಿಲ್ಲ ಎಂದು ಆಕ್ಷೇಪಿಸಿದ. ಇಲ್ಲಿನ ದೊಡ್ಡ ಕೆರೆಗೆ ಫಾಕ್ಸ್ ಸಾಗರ್ ಎಂದು ಹೆಸರು. ನರಿಯೂ ಇಲ್ಲ, ಸಾಗರವೂ ಅಲ್ಲ, ಹೆಸರು ಮಾತ್ರ ಉಳಿದುಕೊಂಡಿದೆಯಲ್ಲ ಎಂದು ಅವನ ಬಾಯಿ ಮುಚ್ಚಿಸಿದೆ. ನಿಜಾಮರ ಕಾಲದಿಂದ ಬಂದ ಕೆರೆ. 2020ರ ಅಕ್ಟೋಬರ್ ಮಳೆಯಲ್ಲಿ ಉಕ್ಕಿ ಕೆಳಗಿನ ಬಡಾವಣೆಯೊಳಗೆ ನುಗ್ಗಿತ್ತು. ಉಳಿದ ಕಾಲದಲ್ಲಿ ಅಂತರಗಂಗೆ ಹೊದ್ದು ಮಲಗಿರುತ್ತದೆ. ಸುತ್ತ ಕಾರ್ಖಾನೆಗಳು. ದೇಶದ ಮೊತ್ತಮೊದಲ ಸಾಮೂಹಿಕ ತ್ಯಾಜ್ಯನೀರು ಸಂಸ್ಕರಣಾ ಘಟಕಗಳಲ್ಲೊಂದು 1980ರ ದಶಕದ ಕೊನೆಗೆ ಈ ಜೀಡಿಮೆಟ್ಲಾದಲ್ಲೇ ಶುರುವಾಯಿತು ಎಂದರೆ ಇಲ್ಲಿನ ನೀರಿನ ಜಾತಕ ಓದುಗರಿಗೆ ತಿಳಿದೀತು. ಇಂಥ ನೀರಿನೊಳಗೆ ನೋಟ ಹಾಯಿಸಬೇಕೆಂಬುದೇ ನಮ್ಮ ಶಾಸ್ತ್ರದ ಸಂಕಲ್ಪ.

ಭಾಷೆಯ ತೊಡಕನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. 1956ರ ತನಕ ನಮ್ಮ ಬೀದರ, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಹಾಗಾಗಿ ನಾನು ಪರದೇಶಿಯಲ್ಲ. ಆದರೂ ತೆಲುಗಿನವರು ಕನ್ನಡಕಕ್ಕೆ ‘ಕಳ್ಳದ್ದಾಲು’ ಎಂದಾಗ ನನ್ನ ಕಿವಿಗೆ ಮೊದಲು ಬೀಳುವುದು ‘ಕಳ್ಳ’. ಕಣ್ಣಿನ ಕನ್ನಡಿ ಎಂದೇ ಅದರ ಅರ್ಥ, ತಪ್ಪೇನಿಲ್ಲ. ಏರಿಯ ಮೇಲೆ ಮೊದಲ ದಿನ ಒಬ್ಬ ಹುಡುಗ ‘ಅನ್ನಾ, ಚಾಪಲು ಕನಿಪಿಸ್ತುನ್ನಯಾ?’ ಎಂದು ಕೇಳಿದ. ಚಾಪೆಗಳು ಕಾಣುತ್ತವೆಯೇ ಎಂದು ಕೇಳಿದನೆಂದುಕೊಂಡೆ. ಮೀನಿಗೆ ಇಲ್ಲಿ ಚಾಪ ಎನ್ನುತ್ತಾರೆ. ನೀರಿನ ಮೇಲೆ ಹರಡಿದ್ದ ಅಂತರಗಂಗೆಯನ್ನು ತೋರಿಸಿ, ಕಾಣುತ್ತಿವೆ, ಬೇಕಾದಷ್ಟಿವೆ ಎಂದೆ. ಹುಡುಗ ನನ್ನ ಬಗ್ಗೆ ಗೌರವ ಬೆಳೆಸಿಕೊಂಡು ಹೋದ.

ಈಗ ಪೂರ್ವಾಚಾರ್ಯರು. ಮೊದಲನೆಯವನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ. ಅವನ ರಾಜಧಾನಿ, ಇಂದಿನ ಬಸವಕಲ್ಯಾಣ, ಇಲ್ಲಿಂದ ಮುಂಬೈ ಹೆದ್ದಾರಿ ಹಿಡಿದರೆ ಮೂರು ನಾಲ್ಕು ತಾಸು. ಸುಮಾರು 1129ರಲ್ಲಿ ಸಿದ್ಧವಾದ ಅವನ ‘ಮಾನಸೋಲ್ಲಾಸ’ದ ನೂರು ಅಧ್ಯಾಯಗಳ ನಡುವೆ ‘ಮತ್ಸ್ಯವಿನೋದ’ ಎಂಬ ಭಾಗವಿದೆ. ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಯಾವ ಆಹಾರ, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂದು ಚಕ್ರವರ್ತಿ ಬೆಸ್ತರ ಓಣಿಯಲ್ಲಿ ಹುಟ್ಟಿ ಬೆಳೆದವನಂತೆ ಹೇಳುತ್ತಾನೆ. ಕನ್ನಡಕದ ಸುದ್ದಿಯೇ ಇಲ್ಲ. ಯುರೋಪಿನಲ್ಲಿ ಕನ್ನಡಕ ಹುಟ್ಟಲು ಇನ್ನೂ ಒಂದೂವರೆ ಶತಮಾನ ಬಾಕಿಯಿತ್ತು ಎಂಬ ನೆಪವನ್ನು ಅವನ ಪರವಾಗಿ ಕೆಲವರು ಹೂಡಬಹುದು. ಸಾಮ್ರಾಟನಾದವನು ಮುಂದಾಲೋಚನೆ ಮಾಡಬೇಡವೇ?

ಎರಡನೆಯವರು ವ್ಯಾಸರಾಯರು. ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ದಲ್ಲಿ ಅವರು ಕನ್ನಡಕದಂಥ ಸಾಧನ ಹಿಡಿದು ಗ್ರಂಥ ಓದುತ್ತಿದ್ದ ಚಿತ್ರವಿದೆಯೆಂದು, ಅದು 1520ರ ಸುಮಾರಿನ ಸಂಗತಿಯೆಂದು ವಿದ್ವಾಂಸ ಪಿ.ಕೆ. ಗೋಡೆ ಗುರುತಿಸಿದ್ದಾರೆ. ಸೋಮೇಶ್ವರನ ಹತ್ತಿರ ಗಾಳವಿತ್ತು, ಕನ್ನಡಕವಿಲ್ಲ. ವ್ಯಾಸರಾಯರ ಹತ್ತಿರ ಕನ್ನಡಕವಿತ್ತು, ಗಾಳ ಹಿಡಿಯುವ ಮಾತೇ ಇಲ್ಲ. ಎರಡನ್ನೂ ಒಂದೇ ಮೈಮೇಲೆ ಸೇರಿಸುವ ಸಮನ್ವಯದ ಹತ್ತಿರ ಬರಲೂ ನಾಡು ನಾನೂರು ವರ್ಷ ಕಾಯಬೇಕಾಯಿತು.

ಸಮನ್ವಯದ ಹೊಸ್ತಿಲ ತನಕ ಬಂದವರು ಸರ್ ಸಿ.ವಿ. ರಾಮನ್. ಮುಂದೆ ಬೆಂಗಳೂರಿಗರಾಗಲಿದ್ದ ಈ ಮಹಾನುಭಾವರು 1921ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಿಂದ ‘ನಾರ್ಕುಂಡಾ’ ಹಡಗಿನಲ್ಲಿ ಮರಳುತ್ತಿದ್ದರು. ಕಡಲಿನ ನೀಲಿ ಬರೇ ಆಕಾಶದ ಪ್ರತಿಬಿಂಬ ಎಂದು ಲಾರ್ಡ್ ರ‍್ಯಾಲೆ ಹೇಳಿದ್ದರು. ರಾಮನ್ ಒಂದು ನಿಕಾಲ್ ಪಟ್ಟಕವನ್ನು ಕಣ್ಣಿಗೆ ಹಿಡಿದು, ಸರಿಯಾದ ಓರೆಯಲ್ಲಿ ನೀರನ್ನು ನೋಡಿ, ಮೇಲ್ಮೈಯ ಹೊಳಪನ್ನು ಅಳಿಸಿದರು. ನೀಲಿ ಅಳಿಯಲಿಲ್ಲ, ಇನ್ನೂ ಗಾಢವಾಯಿತು. ಬಣ್ಣ ನೀರಿನೊಳಗಿಂದಲೇ ಬರುತ್ತಿತ್ತು. ಇಂದು ಅಂಗಡಿಯಲ್ಲಿ ‘ಪೋಲರೈಜ್ಡ್’ ಎಂದು ಮಾರುವ ಕನ್ನಡಕ ಮಾಡುವುದು ಇದನ್ನೇ. ಅಂದು ಹಡಗಿನ ಕಟಾಂಜನಕ್ಕೆ ಒಂದು ಗಾಳ ಕಟ್ಟಿದ್ದರೆ ಈ ಪ್ರಬಂಧ ಬೇಕಾಗುತ್ತಿರಲಿಲ್ಲ. ಅವರು ಬೆಳಕಿನ ಹಿಂದೆ ಹೋಗಿ 1930ರಲ್ಲಿ ನೊಬೆಲ್‌ಗೆ ತೃಪ್ತಿಪಟ್ಟುಕೊಂಡರು.

ತತ್ತ್ವ ಇಷ್ಟು. ಬೆಳಕಿನ ಅಲೆ ಎಲ್ಲ ದಿಕ್ಕಿಗೂ ಅದುರುತ್ತದೆ. ನೀರಿನ ಮೇಲೆ ಬಿದ್ದು ಚಿಮ್ಮಿದ ಬೆಳಕು ಹೆಚ್ಚಾಗಿ ಅಡ್ಡಡ್ಡ ಅದುರುತ್ತದೆ. ಕನ್ನಡಕ ಆ ಅಡ್ಡಬೆಳಕನ್ನು ತಡೆದು, ನೆಟ್ಟನೆಯದನ್ನು ಒಳಗೆ ಬಿಡುತ್ತದೆ. ಚಿಮ್ಮಿದ ಬೆಳಕಿಗೆ ಇಂಥ ಗುಣವಿದೆಯೆಂದು 1808ರಲ್ಲಿ ಮಾಲುಸ್ ಎಂಬ ಫ್ರೆಂಚ್ ಎಂಜಿನಿಯರ್, ಪ್ಯಾರಿಸಿನ ಅರಮನೆಯ ಕಿಟಕಿ ಗಾಜಿನಲ್ಲಿ ಬಿಂಬಿಸಿದ ಮುಳುಗುವ ಸೂರ್ಯನನ್ನು ಹರಳಿನ ಮೂಲಕ ನೋಡುತ್ತ ಕಂಡುಕೊಂಡ. 1815ರಲ್ಲಿ ಬ್ರೂಸ್ಟರ್ ಕೋನದ ಲೆಕ್ಕ ಹಾಕಿಕೊಟ್ಟ: ನೀರಿಗೆ 53 ಡಿಗ್ರಿ. 1929ರಲ್ಲಿ ಅಮೆರಿಕದ ಎಡ್ವಿನ್ ಲ್ಯಾಂಡ್ ಹರಳಿನ ಬದಲು ತೆಳ್ಳಗಿನ ಹಾಳೆ ತಯಾರಿಸಿ ಇದನ್ನು ಮೂಗಿನ ಮೇಲೆ ಕೂರಿಸಲು ಬರುವಂತೆ ಮಾಡಿದ.

ಬ್ರೂಸ್ಟರನ 53 ಡಿಗ್ರಿಯನ್ನು ಕೆರೆಯ ಏರಿಗೆ ತರುವುದೇ ಈ ಗ್ರಂಥದ ಸ್ವೋಪಜ್ಞ ಭಾಗ. ಕಣ್ಣು ನೀರಿನಿಂದ ಎಷ್ಟು ಎತ್ತರವೋ ಅದರ 1.33 ಪಟ್ಟು ದೂರದ ಜಾಗದಲ್ಲಿ ಹೊಳಪು ಪೂರ್ತಿ ಸಾಯುತ್ತದೆ. ಅದರಿಂದ ಆಚೀಚೆ ಹೋದಂತೆ ಹೊಳಪು ಮೆಲ್ಲಗೆ ಜೀವ ಹಿಡಿಯುತ್ತದೆ. ಏರಿಯ ಕಲ್ಲಿನ ಮೇಲೆ ಕುಕ್ಕುರುಗಾಲಲ್ಲಿ ಕೂತರೆ ನನ್ನ ಕಣ್ಣು ನೀರಿನಿಂದ ಒಂದೂವರೆ ಮೀಟರ್. ಅಂದರೆ ಸರಿಯಾಗಿ 2 ಮೀಟರ್ ದೂರದ ನೀರು ನನಗೆ ಗಾಜಿನಂತೆ ಕಾಣತಕ್ಕದ್ದು. ಕಂಡಿತು. ಅಲ್ಲಿ ಒಂದು ಎಡಗಾಲಿನ ಚಪ್ಪಲಿ, ಗಣಪತಿಯ ಕಿರೀಟದ ತುಂಡು, ಒಂದು ಗುಟ್ಕಾ ಚೀಟಿ. ಗಾಳದ ಬೆಂಡು ಇದ್ದದ್ದು 4 ಮೀಟರ್ ಆಚೆ. ಅಲ್ಲಿನ ಹೊಳಪು ಸಾಯಬೇಕಾದರೆ ಕಣ್ಣು 3 ಮೀಟರ್ ಎತ್ತರಕ್ಕೆ ಏರಬೇಕು. ಸ್ಕೂಟರಿನ ಸೀಟಿನ ಮೇಲೆ ನಿಂತು ನೋಡಿದೆ. ಸಿದ್ಧಾಂತ ಸರಿಯಾಗಿತ್ತು, ಸ್ಟ್ಯಾಂಡ್ ಸರಿಯಿರಲಿಲ್ಲ.

ಇದರ ಮೇಲೆ ಮೀನಿನ ಕಡೆಯಿಂದಲೂ ಒಂದು ಪೂರ್ವಪಕ್ಷವಿದೆ. ನೀರಿನೊಳಗಿಂದ ಮೇಲೆ ನೋಡುವ ಮೀನಿಗೆ ಹೊರಗಿನ ಇಡೀ ಲೋಕ, ಒಂದು ದಡದಿಂದ ಇನ್ನೊಂದು ದಡದ ತನಕ, ಸುಮಾರು 97 ಡಿಗ್ರಿಯ ಒಂದು ದುಂಡು ಕಿಂಡಿಯಲ್ಲಿ ಕಾಣುತ್ತದೆ. ಏರಿಯ ಮೇಲೆ ಕೂತವನೂ ಆ ಕಿಂಡಿಯ ಅಂಚಿನಲ್ಲಿ ಇದ್ದೇ ಇರುತ್ತಾನೆ. ನಾವು ಕೂಲಿಂಗ್ ಗ್ಲಾಸ್ ಹಾಕಿ ಅದನ್ನು ಹುಡುಕುವಾಗ ಅದು ಬರಿಗಣ್ಣಿನಿಂದ ನಮ್ಮನ್ನು ನೋಡಿ ಮುಗಿಸಿರುತ್ತದೆ.

ಬಣ್ಣದ ವಿಚಾರ ಬೇಗ ಮುಗಿಸುತ್ತೇನೆ, ಏಕೆಂದರೆ ಇಲ್ಲಿ ಎಲ್ಲರೂ ಹೇಳುವುದು ನಿಜ. ಬೂದು ಗಾಜು ಬಣ್ಣಗಳನ್ನು ಕೆಡಿಸದೆ ಬೆಳಕು ಇಳಿಸುತ್ತದೆ. ಮಲ್ಪೆಯಂಥ ತೆರೆದ ಕಡಲಿಗೆ ಸರಿ. ಕಂದು ಗಾಜು ನೀರಿಗೂ ನೆಲಕ್ಕೂ ಇರುವ ಭೇದವನ್ನು ಎತ್ತಿ ತೋರಿಸುತ್ತದೆ. ಕೆರೆ, ಹೊಳೆಗೆ ಅದೇ. ಹಳದಿ, ನಸುಕಿಗೆ ಮತ್ತು ಮೋಡಕ್ಕೆ. ಹೊರಮೈಗೆ ಕನ್ನಡಿ ಬಳಿದದ್ದು ಮೀನಿಗೆ ಮುಖ ನೋಡಿಕೊಳ್ಳಲು.

ಖೋಟಾ ಪರೀಕ್ಷೆಗೆ ಬರೋಣ. ಶಾಪೂರ್‌ನಗರದ ರಸ್ತೆ ಬದಿಯಲ್ಲಿ ಛತ್ರಿಯ ಕೆಳಗೆ ಮಾರುತ್ತಿದ್ದವನು ಇನ್ನೂರೈವತ್ತು ಹೇಳಿ ನೂರೆಂಬತ್ತಕ್ಕೆ ಇಳಿದ. ‘ಅಸ್ಲಿ ಪೋಲರೈಜ್ ಹೈ ಸಾಬ್’ ಎಂದು ಒಂದು ಕಾರ್ಡು ಕೈಗೆ ಕೊಟ್ಟ. ಬರಿಗಣ್ಣಿಗೆ ಅದು ಖಾಲಿ ಬೂದು ಹಾಳೆ. ಕನ್ನಡಕ ಹಾಕಿದೊಡನೆ ನಡುವೆ ಒಂದು ದಪ್ಪ ಮೀನು ಎದ್ದು ಬಂತು! ಈ ಕನ್ನಡಕದಲ್ಲಿ ನಾನು ಕಂಡ ಮೊದಲ ಮೀನು ಅದು. ಇನ್ನೊಂದು ಪರೀಕ್ಷೆಯನ್ನು ನಾನೇ ಮಾಡಿದೆ. ಎರಡು ಕನ್ನಡಕಗಳ ಗಾಜನ್ನು ಒಂದರ ಮೇಲೊಂದು ಅಡ್ಡ ಹಿಡಿದರೆ ಅಸಲಿಯಾದರೆ ಕಾಡಿಗೆಯಂತೆ ಕಪ್ಪಾಗಬೇಕು, ಆಯಿತು. ಮೊಬೈಲಿನ ಪರದೆಯನ್ನು ಅದರ ಮೂಲಕ ತಿರುಗಿಸಿ ನೋಡಿದರೂ ಒಂದು ಓರೆಯಲ್ಲಿ ಕತ್ತಲಾಗುವುದುಂಟು. ಹಾಗಾಗಿ ಏರಿಯ ಮೇಲೆ ಕೂತಾಗ ಮನೆಯಿಂದ ಫೋನು ಬಂದರೆ ಯಾರದೆಂದು ಕಾಣಲಿಲ್ಲ ಎಂದು ಹೇಳಲು ವೈಜ್ಞಾನಿಕ ಆಧಾರ ಸಿಗುತ್ತದೆ. ನನ್ನಾಕೆಗೆ ಈ ಆಧಾರ ಒಪ್ಪಿಗೆಯಾಗಲಿಲ್ಲ. ಹೊಸ್ತಿಲಲ್ಲೇ, ‘ಮೀನಾ ಹಿಡ್ಯಾಕ ಹೊಂಟೀರೋ, ಸಿನಿಮಾದಾಗ ಪಾರ್ಟು ಮಾಡಾಕ ಹೊಂಟೀರೋ?’ ಎಂದು ಕೇಳಿದ್ದಳು.

ಪ್ರಯೋಗಕಾಂಡ ನಡೆದದ್ದು ಮೂರು ಭಾನುವಾರ. ನನ್ನ ಎಡಕ್ಕೆ ಒಬ್ಬ ತಾತ ಕೂರುತ್ತಿದ್ದ. ಬಿದಿರಿನ ಕೋಲು, ಹವಾಯಿ ಚಪ್ಪಲಿ ಕತ್ತರಿಸಿ ಮಾಡಿದ ಬೆಂಡು, ಹಣೆಗೆ ಅಡ್ಡ ಹಿಡಿದ ಅಂಗೈ. ಅವನ ಗುರಿ ಕೊರಮೀನು, ತೆಲಂಗಾಣದ ರಾಜ್ಯಮೀನು. ಕೊರಮೀನು ಬರೇ ನೀರಿನಲ್ಲಿ ಬದುಕಲಾರದು, ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು ಹೋಗುತ್ತದೆ. ಆಗ ನೀರಿನ ಮೇಲೆ ಒಂದು ಉಂಗುರ ಏಳುತ್ತದೆ. ಉಂಗುರ ಕಾಣುವುದು ಯಾತರಿಂದ? ಹೊಳಪಿನಿಂದ. ಹೊಳೆಯುವ ನೀರು ಒಂದು ಗೆರೆಯಷ್ಟು ಓರೆಯಾದರೂ ಮಿನುಗಿ ಸುದ್ದಿ ಕೊಡುತ್ತದೆ. ನಾನು ನೂರೆಂಬತ್ತು ರೂಪಾಯಿ ಕೊಟ್ಟು ಆ ಹೊಳಪನ್ನೇ ಅಳಿಸಿ ಕೂತಿದ್ದೆ. ಕೊರಮೀನಿನ ಸುದ್ದಿ ಅಚ್ಚಾಗುವ ಒಂದೇ ಪತ್ರಿಕೆಯನ್ನು ಬಂದ್ ಮಾಡಿಸಿ, ಒಳಗಿನ ರಾಡಿಯಲ್ಲಿ ವರದಿಗಾರನನ್ನು ಹುಡುಕುತ್ತಿದ್ದೆ! ರಾಮನ್ ನೋಡಿದ್ದು ತಿಳಿಯಾದ ಕಡಲು. ಫಾಕ್ಸ್ ಸಾಗರಿನಲ್ಲಿ ಹೊಳಪು ತೆಗೆದರೆ ಸಿಗುವುದು ಚಹಾ, ಹಾಲು ಹಾಕಿದ್ದು. ತಾತ ಎರಡು ಕೊರಮೀನು ಹಿಡಿದ. ನನಗೆ ಅಂಗೈಯಗಲದ ಒಂದು ಜಿಲೇಬಿ ಮೀನು ಬಿತ್ತು, ಅದೂ ನಾನು ಬೆವರು ಒರೆಸಲು ಕನ್ನಡಕ ತೆಗೆದಿದ್ದ ಹೊತ್ತಿನಲ್ಲಿ. ಬಿಟ್ಟುಬಿಟ್ಟೆ.

ಹಾಗಾದರೆ ಶಾಸ್ತ್ರ ವ್ಯರ್ಥವೇ? ಇಲ್ಲ, ಇಲ್ಲಿ ಉತ್ತರಮೀಮಾಂಸೆ ಶುರುವಾಗುತ್ತದೆ. ಜೂನ್ ಮೊದಲ ವಾರ ಕಳೆದು ಮೃಗಶಿರ ಹುಟ್ಟಿದ ದಿನ ಹೈದರಾಬಾದ್ ಇಡೀ ಮೀನು ತಿನ್ನುತ್ತದೆ. ನಾಂಪಲ್ಲಿಯ ವಸ್ತುಪ್ರದರ್ಶನ ಮೈದಾನದಲ್ಲಿ ಬತ್ತಿನಿ ಮನೆತನದವರು ಉಬ್ಬಸದವರಿಗೆ ಜೀವಂತ ಕೊರಮೀನಿನ ಮರಿಯ ಬಾಯಲ್ಲಿ ಮದ್ದಿಟ್ಟು ನುಂಗಿಸುವುದೂ ಆಗಲೇ. ನಮ್ಮೂರಿನಲ್ಲಿ ಮೃಗಶಿರ ಎಂದರೆ ಬಿತ್ತನೆಯ ಮಳೆ. ಇಲ್ಲಿ ಸಾಲಿನಲ್ಲಿ ನಿಲ್ಲುವ ಹಬ್ಬ. ಆ ದಿನ ಮೀನು ಕೊಳ್ಳಲು ಹೋದವನು ಬಿಸಿಲೆಂದು ಕನ್ನಡಕ ತೆಗೆಯದೆಯೇ ನಿಂತೆ. ಮಾರುವಾಕೆ ಚೊಂಬಿನಿಂದ ನೀರು ಚಿಮುಕಿಸುತ್ತಿದ್ದಳು. ಸುತ್ತಲಿನವರೆಲ್ಲ ಹೊಳೆಯುವ ಮೀನು ಕಂಡು ‘ತಾಜಾ’ ಎನ್ನುತ್ತಿದ್ದರು. ನನಗೆ ಹೊಳಪು ಕಾಣಲಿಲ್ಲ. ಒಳಕ್ಕೆ ಇಳಿದ ಕಣ್ಣು ಕಂಡಿತು, ಮಾಸಿದ ಕಿವಿರು ಕಂಡಿತು, ಹೊಟ್ಟೆಯ ಕಡೆ ಮಂಕಾದ ಬಣ್ಣ ಕಂಡಿತು. ನೀರಿನ ಹೊಳಪು ಕೆರೆಯಲ್ಲಿ ಮೀನನ್ನು ಮುಚ್ಚುತ್ತದೆ, ಸಂತೆಯಲ್ಲಿ ಮೀನಿನ ವಯಸ್ಸನ್ನು. ತಲೆ ಓರೆ ಮಾಡಿ, 53 ಡಿಗ್ರಿಗೆ ಬಗ್ಗಿ, ಒಂದೊಂದೇ ರೋಹುವನ್ನು ನೋಡಿದೆ. ಆಕೆ ಚೊಂಬು ಕೆಳಗಿಟ್ಟು, ಗೋಣಿಯ ಅಡಿಯಿಂದ ಬೇರೆಯದನ್ನು ತೆಗೆದಳು.

ಸಾರು ಚೆನ್ನಾಗಿತ್ತು. ಉಂಡಾದ ಮೇಲೆ ನನ್ನಾಕೆ ಈ ಸಲದ ಮೀನು ಯಾರು ಆರಿಸಿದ್ದೆಂದು ಕೇಳಿದಳು. ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಲ್ಲ ಹೇಳಿದೆ. ಮಾಲುಸನ ತನಕ ತಾಳಿಕೊಂಡಳು. ಮುಂದಿನ ಭಾನುವಾರ ಕನ್ನಡಕ ಅವಳ ಕೈಚೀಲದಲ್ಲಿತ್ತು. ಟೊಮೇಟೊ, ಬದನೆಕಾಯಿಗಳ ಮೇಲೂ ನೀರು ಚಿಮುಕಿಸುತ್ತಾರಂತೆ.

ನಾನು ಏರಿಯ ಮೇಲೆ ಅಂಗೈಯನ್ನು ಹಣೆಗೆ ಅಡ್ಡ ಹಿಡಿದು ಕೂತಿದ್ದೆ. ಕಣ್ಣು ಕುಕ್ಕುವ ಬೆಳಕು. ಆ ಬೆಳಕಿನ ನಡುವೆ, ಅಂತರಗಂಗೆಯ ಅಂಚಿಗೆ, ಒಂದು ಉಂಗುರ ಎದ್ದಿತು. ‘ತಾತಾ’ ಎಂದೆ. ಅವನು ನನ್ನ ಕಡೆ ತಿರುಗಲಿಲ್ಲ; ಕೋಲನ್ನು ಆಗಲೇ ಒಂದು ಗೇಣು ಎಡಕ್ಕೆ ಸರಿಸಿದ್ದ.